ಗುಜರಿಯ ಕಾರೂ ಶುದ್ಧಪಾಠದ ಪಂಡಿತರೂ

ಕಳೆದ ವರ್ಷ ಬೆಂಗಳೂರಿನಲ್ಲಿ ನಡೆದ ಹಳೆಯ ಕಾರುಗಳ ಪ್ರದರ್ಶನವೊಂದಕ್ಕೆ ನಾನೂ ನನ್ನ ಕಾರನ್ನು ಒಯ್ದಿದ್ದೆ. 1966ರಲ್ಲಿ ಮೊದಲು ನೋಂದಣಿಯಾದ ಫಿಯಟ್ 1100. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲದ್ದಾದ್ದರಿಂದ ಅದರ ಸಂಖ್ಯೆ ‘ಎಂ.ವೈ.’ ಎಂದು ಮೊದಲಾಗುತ್ತದೆ. ಬಾನೆಟ್ಟು ತೆರೆದಿಟ್ಟು, ಪಕ್ಕದಲ್ಲಿ ಮಡಿಸುವ ಕುರ್ಚಿಯೊಂದನ್ನು ಹಾಕಿಕೊಂಡು, ಹೆಣ್ಣು ನೋಡಲು ಬರುವವರಿಗಾಗಿ ಕಾದಿರುವ ತಂದೆಯ ಹಾಗೆ ಕುಳಿತಿದ್ದೆ. ಹನ್ನೊಂದು ಗಂಟೆಯ ಸುಮಾರಿಗೆ ಮಹಾಶಯರೊಬ್ಬರು ಬಂದರು. ಕನ್ನಡಕವನ್ನು ಹಣೆಗೇರಿಸಿ ಎಂಜಿನಿನ ಮೇಲೆ ಬಗ್ಗಿದರು. ಬಗ್ಗಿದವರು ಏಳುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು.

“ಏನು ಸ್ವಾಮಿ, ಡೈನಮೋ ಕಿತ್ತು ಆಲ್ಟರ್ನೇಟರ್ ಹಾಕಿದ್ದೀರಲ್ಲ! ಒರಿಜಿನಲ್ ಕೆಡಿಸಿಬಿಟ್ಟಿರಿ.”

ನಾನು ಉತ್ತರ ಹುಡುಕುತ್ತಿರುವಾಗಲೇ ಅವರು ಬಾಗಿಲಿನಿಂದ ಒಳಗೆ ಇಣುಕಿ, ಮುಂದಿನ ಸೀಟುಗಳಿಗೆ ಹಾಕಿದ್ದ ಬೆಲ್ಟುಗಳನ್ನು ಕಂಡು, ನಾಲಗೆಯಿಂದ ಲೊಚಗುಟ್ಟಿ, ಎದುರು ಸಾಲಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಇನ್ನೊಂದು ಕಾರಿನತ್ತ ನಡೆದುಬಿಟ್ಟರು. ಆ ಕಾರು ತನ್ನ ಕಾಲಮೇಲೆ ಅಲ್ಲಿಗೆ ಬಂದಿರಲಿಲ್ಲ. ಲಾರಿಯ ಮೇಲೆ ಬಂದಿತ್ತು. ನನ್ನದು ಹದಿನಾಲ್ಕು ಮೈಲಿ ಓಡಿಕೊಂಡು ಬಂದಿತ್ತು. ಅದನ್ನು ಹೇಳಬೇಕೆಂದು ತೋಚಿದ್ದು ರಾತ್ರಿ ಊಟಕ್ಕೆ ಕುಳಿತಾಗ.

ಅವರೊಬ್ಬರ ಮೇಲೆ ನನಗೆ ಕೋಪವಿಲ್ಲ. ಆದರೆ ಅವರ ಹಿಂದೆ ಒಂದು ಪಂಥವೇ ಇದೆ. ಕಾರ್ಖಾನೆಯ ಬಾಗಿಲಿನಿಂದ ಹೊರಬಿದ್ದ ದಿನ ಕಾರು ಹೇಗಿತ್ತೋ ಇಂದೂ ಹಾಗೆಯೇ ಇರಬೇಕು, ತಿರುಪಿನ ತಲೆಯ ಮೇಲಿನ ಗೀರು ಕೂಡ ಆ ಕಾಲದ್ದೇ ಆಗಿರಬೇಕು, ಇಲ್ಲದಿದ್ದರೆ ಅದು ಮೈಲಿಗೆ ಎಂಬುದು ಆ ಪಂಥದ ಸಿದ್ಧಾಂತ. ನಮ್ಮ ದೇಶದ ಕಾರುಗಳ ಮಟ್ಟಿಗೆ ಈ ಸಿದ್ಧಾಂತ ಸುಳ್ಳು. ಮನೆಯ ಹಿತ್ತಿಲಿನಲ್ಲಿ ಕುಳಿತು ಕಾರು ದುರಸ್ತಿ ಮಾಡುವವನ ಮಟ್ಟಿಗೆ ಅಪಾಯಕಾರಿ. ಈಚೆಗೆ ಅದು ಸರ್ಕಾರದ ನಿಯಮಗಳೊಳಕ್ಕೂ ನುಸುಳಿಕೊಂಡಿರುವುದರಿಂದ ಸುಮ್ಮನೆ ಬಿಡುವಂಥದೂ ಅಲ್ಲ.

ಕಾರು ನನಗೆ ಸಿಕ್ಕಿದ್ದು ಮೈಸೂರು ರಸ್ತೆಯಾಚೆಯ ಒಂದು ಗುಜರಿಯಲ್ಲಿ. ನಾಲ್ಕು ಟೈರುಗಳೂ ಮಣ್ಣಿನಲ್ಲಿ ಹೂತಿದ್ದವು. ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ ಹೊಂಗೆಯ ಸಸಿಯೊಂದು ಗೇಣುದ್ದ ಬೆಳೆದಿತ್ತು. ಗುಜರಿಯವನು ಕಬ್ಬಿಣದ ಲೆಕ್ಕದಲ್ಲಿ, ತೂಕದ ಮೇಲೆ ಬೆಲೆ ಹೇಳಿದ. ಹಳೆಯ ಮಾಲೀಕರ ಮನೆಯವರು ಕಾಗದಪತ್ರಗಳನ್ನು ಮದುವೆಯ ಆಲ್ಬಮ್ಮಿನ ಜೊತೆ ಜೋಪಾನವಾಗಿ ಇಟ್ಟಿದ್ದುದು ನನ್ನ ಪುಣ್ಯ. ಎಂಜಿನಿನ ಸಂಖ್ಯೆಯನ್ನೂ ಚಾಸಿಯ ಸಂಖ್ಯೆಯನ್ನೂ ಕಾಗದದೊಡನೆ ತಾಳೆ ನೋಡಿಯೇ ಹಣ ಕೊಟ್ಟೆ. ಕಾಗದವಿಲ್ಲದ ಕಾರು ಎಷ್ಟೇ ಚೆನ್ನಾಗಿರಲಿ, ಅದು ಬರಿಯ ತಗಡು. ಆ ಆಸೆಗೆ ಯಾರೂ ಬೀಳಬಾರದು. ಲಾರಿಯಿಂದ ಇಳಿಸುವಾಗ ಎದುರು ಮನೆಯವರು, “ಏನ್ರೀ, ತೂಕಕ್ಕೆ ಹಾಕೋದಕ್ಕಾ?” ಎಂದು ಕೇಳಿದರು. ನನ್ನ ಮನೆಯಾಕೆ ಏನೂ ಕೇಳಲಿಲ್ಲ. ನನ್ನ ಪುಸ್ತಕದ ಕಪಾಟಿನ ಕಡೆಗೊಮ್ಮೆ ನೋಡಿ, “ಇರುವ ಗುಜರಿ ಸಾಲದಾಗಿತ್ತೆ?” ಎಂದಳು, ಅಷ್ಟೆ.

ಬಿಚ್ಚಲು ಆರಂಭಿಸಿದ ಮೇಲೆ ನನಗೆ ತಿಳಿದದ್ದು, ಈ ಕಾರನ್ನು ನನಗಿಂತ ಮುಂಚೆ ಹತ್ತಾರು ಜನ ಬಿಚ್ಚಿದ್ದಾರೆ ಎಂಬುದು. ಚಾಲಕನ ಕಾಲಕೆಳಗಿನ ಚಾಪೆಯನ್ನು ಎತ್ತಿದರೆ ನೆಲಕ್ಕೆ ಒಂದು ತೇಪೆ. ಡಾಲ್ಡಾ ಡಬ್ಬಿಯ ತಗಡು, ಅದರ ಮೇಲಿನ ತೆಂಗಿನ ಮರದ ಚಿತ್ರ ಅರ್ಧ ಇನ್ನೂ ಕಾಣುತ್ತಿತ್ತು. ಎಡಗಡೆಯ ಬಾಗಿಲಿನ ಹಿಡಿ ಬೇರೆ ಯಾವುದೋ ಕಾರಿನದು. ಕಾರ್ಬುರೇಟರಿನ ಒಂದು ವಾಷರನ್ನು ಚಪ್ಪಲಿಯ ಚರ್ಮದಿಂದ ಕತ್ತರಿಸಿ ಹಾಕಿದ್ದರು. ಗೇರು ಹಾಕುವ ಕೋಲಿನ ಕೀಲಿಗೆ ಯಾರೋ ಲೇತಿನಲ್ಲಿ ನೈಲಾನಿನ ಬುಷ್ ತಿರುವಿ ಕೂರಿಸಿದ್ದರು. ಅದು ಎಷ್ಟು ನಯವಾಗಿತ್ತೆಂದರೆ ಕಾರ್ಖಾನೆಯದಕ್ಕೆ ನಾಚಿಕೆಯಾಗಬೇಕು. ಎಂಜಿನಿನ ಸಿಲಿಂಡರುಗಳನ್ನು ಒಮ್ಮೆಯಲ್ಲ, ಎರಡು ಬಾರಿ ಕೊರೆಸಿದ್ದರು. ಹಾಗಾದರೆ 1089 ಸಿ.ಸಿ.ಯ ಆ ಎಂಜಿನಿನಲ್ಲಿ ಈಗ ಒರಿಜಿನಲ್ ಯಾವುದು? ತೂತಿನ ಸುತ್ತಲಿನ ಕಬ್ಬಿಣ ಒರಿಜಿನಲ್, ತೂತು ಅಲ್ಲ!

ಇದೇನೂ ನನ್ನ ಕಾರೊಂದರ ಕಥೆಯಲ್ಲ. ವಾಲಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಹುಟ್ಟಿತು. ಇಟಲಿಯ ಫಿಯಟ್ 1100 ಕಾರನ್ನು 1950ರ ದಶಕದಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಿಸಲು ಆರಂಭಿಸಿತು. ಇಟಲಿಯಲ್ಲಿ ಆ ಮಾದರಿ 1960ರ ದಶಕ ಮುಗಿಯುವುದರೊಳಗೆ ಕಣ್ಮುಚ್ಚಿತು. ನಮ್ಮಲ್ಲಿ ಅದೇ ಮೈ, ಅದೇ ಎಂಜಿನು, ಮೊದಲು ಫಿಯಟ್ ಎಂದೂ 1970ರ ದಶಕದಲ್ಲಿ ಪ್ರೆಸಿಡೆಂಟ್ ಎಂದೂ ಆಮೇಲೆ ಪದ್ಮಿನಿ ಎಂದೂ ಹೆಸರು ಬದಲಿಸುತ್ತ 2000ದ ಸುಮಾರಿನವರೆಗೆ ಬಾಳಿತು. ಮುಂಬಯಿಯ ಬೀದಿಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ನಿರ್ಗಮಿಸಿದ್ದು 2023ರ ಅಕ್ಟೋಬರಿನಲ್ಲಿ. ಆಮದಿಗೆ ಕಟ್ಟು, ತಯಾರಿಕೆಗೆ ಲೈಸೆನ್ಸು, ಕೊಳ್ಳುವವನಿಗೆ ವರ್ಷಗಟ್ಟಲೆ ಸರದಿ — ಇಂಥ ಕಾಲದಲ್ಲಿ ಕಾರೊಂದು ಮನೆಗೆ ಬಂದರೆ ಅದು ಒಡೆಯನಿಗಿಂತ ಹೆಚ್ಚು ದಿನ ಬಾಳಲೇಬೇಕಾಗಿತ್ತು. ಬಿಡಿಭಾಗ ಸಿಗಲಿಲ್ಲವೆಂದು ಕಾರನ್ನು ಎಸೆದವರುಂಟೆ? ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ಮದರಾಸಿನ ಪುದುಪೇಟೆಯಲ್ಲಿ ಇದ್ದುದರಿಂದ ಇಲ್ಲದ್ದನ್ನು ಮಾಡುವ ವಿದ್ಯೆ ಬೆಳೆದದ್ದು ಹೀಗೆ. ಆ ವಿದ್ಯೆಗೆ ಕಾಲೇಜಿರಲಿಲ್ಲ, ಪುಸ್ತಕವಿರಲಿಲ್ಲ. ಹನ್ನೆರಡು ವರ್ಷದ ಹುಡುಗ ಸ್ಪ್ಯಾನರು ತೊಳೆಯುತ್ತ ಕಲಿತು ಐವತ್ತರ ವೇಳೆಗೆ ಮೇಸ್ತ್ರಿಯಾಗುತ್ತಿದ್ದ.

ಆದ್ದರಿಂದ ನಮ್ಮ ಮಣ್ಣಿನಲ್ಲಿ ಓಡಿದ ಫಿಯಟ್ಟಿನ ನಿಜವಾದ ಸ್ವರೂಪವೆಂದರೆ ಕಾರ್ಖಾನೆಯದಲ್ಲ, ರಿಪೇರಿಯದು. ಚಪ್ಪಲಿಯ ವಾಷರನ್ನೂ ನೈಲಾನಿನ ಬುಷ್ಷನ್ನೂ ಕಿತ್ತೆಸೆದು, ಪರದೇಶದಿಂದ ಅಂಚೆಯಲ್ಲಿ ತರಿಸಿದ ಹೊಸ ಭಾಗ ಹಾಕಿ, “ಈಗ ಒರಿಜಿನಲ್ ಆಯಿತು” ಎನ್ನುವವರು ಏನು ಮಾಡುತ್ತಿದ್ದಾರೆಂದು ಯೋಚಿಸಬೇಕು. ಕಾರಿನ ಐವತ್ತು ವರ್ಷದ ಚರಿತ್ರೆಯನ್ನು ಒರಸಿ ಅದರ ಮೊದಲ ದಿನವನ್ನು ಹೊಸದಾಗಿ ಬರೆಯುತ್ತಿದ್ದಾರೆ.

ಈ ಪುಟಗಳ ಓದುಗರಿಗೆ ಇದನ್ನು ಬೇರೆ ರೀತಿ ಹೇಳಿದರೆ ಸುಲಭವಾದೀತು. ಹಳೆಯ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸರು ಏನು ಮಾಡುತ್ತಾರೆ? ಕವಿಯ ಕೈಬರಹ ಅವರಿಗೆ ಎಂದೂ ಸಿಗುವುದಿಲ್ಲ. ಸಿಗುವುದು ಓಲೆಯ ಪ್ರತಿಗಳು. ಒಂದೊಂದರಲ್ಲೂ ಲಿಪಿಕಾರರ ಕೈ. ಒಬ್ಬ ಪದ ಬಿಟ್ಟಿದ್ದಾನೆ, ಒಬ್ಬ ತನಗೆ ತಿಳಿಯದ್ದನ್ನು ತಿದ್ದಿದ್ದಾನೆ, ಇನ್ನೊಬ್ಬ ಉತ್ಸಾಹ ತಡೆಯಲಾರದೆ ಒಂದು ಪದ್ಯವನ್ನೇ ಸೇರಿಸಿದ್ದಾನೆ. ಒಳ್ಳೆಯ ಸಂಪಾದಕರು ಪ್ರತಿಗಳನ್ನು ಹೋಲಿಸಿ, ಅರ್ಥವಾಗುವ ಒಂದು ಪಾಠವನ್ನು ಮೇಲೆ ಕೊಟ್ಟು, ಉಳಿದ ಪಾಠಾಂತರಗಳನ್ನೆಲ್ಲ ಪುಟದ ಅಡಿಯಲ್ಲಿ ನಮೂದಿಸುತ್ತಾರೆ. ಓಲೆ ಮುರಿದಿದ್ದರೆ ಮುರಿದಿದೆ ಎನ್ನುತ್ತಾರೆ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂದು ಇಡೀ ಒಂದು ಪುಸ್ತಕವನ್ನೇ ಈ ಶಾಸ್ತ್ರಕ್ಕೆ ಮೀಸಲಿಟ್ಟರು. ಅಡಿಟಿಪ್ಪಣಿಯಿಲ್ಲದೆ, ತನ್ನ ಊಹೆಯನ್ನು ಕವಿಯ ಬಾಯಿಗೆ ತುರುಕಿ, ‘ಇದೇ ಶುದ್ಧಪಾಠ’ ಎಂದು ಅಚ್ಚು ಹಾಕಿಸುವವನನ್ನು ವಿದ್ವಾಂಸರು ಏನೆಂದು ಕರೆಯುತ್ತಾರೋ, ಎದುರು ಸಾಲಿನ ಹೊಳೆಯುವ ಕಾರಿನ ಒಡೆಯರನ್ನೂ ನಾನು ಹಾಗೆಯೇ ಕರೆಯಬೇಕಾಗಿದೆ.

ಪಾಠಾಂತರದ ಮಾತು ಅಲ್ಲಿಗಿರಲಿ. ಕಾವ್ಯಕ್ಕೂ ಕಾರಿಗೂ ಒಂದು ವ್ಯತ್ಯಾಸವಿದೆ. ಕಾವ್ಯದ ತಪ್ಪು ಪಾಠದಿಂದ ಯಾರೂ ಸಾಯುವುದಿಲ್ಲ.

ಫಿಯಟ್ 1100ರಲ್ಲಿ ಲಾರಿಗಿರುವಂತೆ ಬೇರೆ ಚೌಕಟ್ಟಿಲ್ಲ. ಮೈಯೇ ಅದರ ಬೆನ್ನೆಲುಬು. ನೆಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚು — ನಮ್ಮ ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡು ಎನ್ನುವುದು ಇದನ್ನೇ — ಇವೆಲ್ಲ ಸೇರಿ ಕಾರನ್ನು ಹಿಡಿದಿಟ್ಟಿರುತ್ತವೆ. ತುಕ್ಕು ಮೊದಲು ಹಿಡಿಯುವುದೂ ಅಲ್ಲಿಯೇ; ಮುಂದಿನ ಗಾಜಿನ ರಬ್ಬರು ಒಣಗಿ ಸೋರಿದ ಮಳೆನೀರು ಚಾಪೆಯ ಕೆಳಗೆ ಕುಳಿತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಬ್ಬಿಣಕ್ಕಿಂತ ಅದರ ತುಕ್ಕು ಹೆಚ್ಚು ಜಾಗ ಕೇಳುತ್ತದೆ. ಬಣ್ಣ ಗುಳ್ಳೆಯೆದ್ದರೆ ಒಳಗೆ ತುಕ್ಕು ಉಬ್ಬುತ್ತಿದೆ ಎಂದರ್ಥ. ನಾನು ಮೊದಲ ವರ್ಷ ಮಾಡಿದ ಮೂರ್ಖತನವನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಟಿಂಕರಿಂಗ್ ಕೆಲಸ ನನಗೆ ಬಾರದೆಂದು ಕಾರನ್ನು ಒಂದು ಹೆಸರುಳ್ಳ ಗ್ಯಾರೇಜಿಗೆ ಒಪ್ಪಿಸಿದೆ. ಎರಡು ತಿಂಗಳ ಮೇಲೆ ಅದು ಮದುಮಗಳಾಗಿ ಮರಳಿತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ರನ್ನಿಂಗ್ ಬೋರ್ಡಿನ ಮೇಲೆ ಸಿಡುಬಿನಂತೆ ಗುಳ್ಳೆಗಳೆದ್ದವು. ಪರಿಚಯದ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆತಂದು ತೋರಿಸಿದೆ. ಅವರು ಜೇಬಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ತೆಗೆದು ಬಾಗಿಲ ಮೇಲಿಟ್ಟರು; ಟಪ್ಪೆಂದು ಅಂಟಿತು. ಕೆಳಗಿನ ಅಂಚಿಗೆ ಇಟ್ಟರು; ಜಾರಿ ಅವರ ಕಾಲ ಮೇಲೆ ಬಿತ್ತು.

“ಸಾರ್, ಇಲ್ಲಿ ಕಾರೇ ಇಲ್ಲ. ಬರೀ ಪುಟ್ಟಿ,” ಎಂದರು.

ತುಕ್ಕನ್ನು ಕತ್ತರಿಸದೆ ಅದರ ಮೇಲೆಯೇ ಗಾರೆ ಮೆತ್ತಿದಂತೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದಿದ್ದರು. ನೋಡುವುದಕ್ಕೆ ಅದು ಸಂಪೂರ್ಣ ಒರಿಜಿನಲ್. ಪ್ರದರ್ಶನದ ಮಹಾಶಯರು ಆಗ ಬಂದಿದ್ದರೆ ಬೆನ್ನು ತಟ್ಟುತ್ತಿದ್ದರು. ಈಗ ಆ ಅಂಚನ್ನು ಕತ್ತರಿಸಿ ಹೊಸ ಉಕ್ಕಿನ ಹಾಳೆಯನ್ನು ಬೆಸೆದಿದ್ದೇವೆ. ಬಾಗಿ ಕೈಯಾಡಿಸಿದರೆ ಬೆಸುಗೆಯ ಗೆರೆ ಬೆರಳಿಗೆ ಸಿಗುತ್ತದೆ. ಸಿಗಲಿ ಎಂದೇ ಬಿಟ್ಟಿದ್ದೇನೆ.

ಮನೆಯಲ್ಲಿ ಈ ಕೆಲಸ ಮಾಡುವುದರಲ್ಲಿ ಒಂದು ಸುಖವಿದೆ. ಪಂಥದವರಿಗೆ ಅದು ತಿಳಿಯದು. ಸಣ್ಣ ಭಾಗಗಳ ತುಕ್ಕು ಬಿಡಿಸಲು ನಾನು ಮೊದಲು ಹುಣಸೆಹುಳಿ ಹಾಕಿ ನೋಡಿದೆ. ಹಿತ್ತಾಳೆಯ ಚೆಂಬನ್ನು ಬೆಳಗುವ ಹುಳಿ ತಿರುಪಿನ ತುಕ್ಕನ್ನೂ ಕರಗಿಸುತ್ತದೆ, ಆದರೆ ನಿಧಾನ. ಆಮೇಲೆ ಕಲಿತದ್ದು ವಿದ್ಯುತ್ತಿನ ಉಪಾಯ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ, ಒಂದೆರಡು ಹಿಡಿ ವಾಷಿಂಗ್ ಸೋಡಾ ಕದಡಿ, ತುಕ್ಕಿನ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತಂತಿಗೂ, ಬೇಡವಾದ ಕಬ್ಬಿಣದ ಪಟ್ಟಿಯೊಂದನ್ನು ಧನ ತಂತಿಗೂ ಕಟ್ಟಿ, ಎರಡೂ ಒಂದಕ್ಕೊಂದು ತಾಕದಂತೆ ಇಳಿಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಕರಿಯ ಕೆಸರಾಗಿ ಉದುರುತ್ತದೆ. ಒಳ್ಳೆಯ ಕಬ್ಬಿಣ ಒಂದಿಷ್ಟೂ ಸವೆಯುವುದಿಲ್ಲ. ಜಲಜನಕ ಏಳುವುದರಿಂದ ಇದನ್ನು ಬಯಲಿನಲ್ಲೇ ಮಾಡಬೇಕು, ಬೀಡಿ ಬೆಂಕಿ ಹತ್ತಿರ ಸುಳಿಯಬಾರದು. ಸ್ಟೇನ್‌ಲೆಸ್ ಉಕ್ಕಿನ ಪಟ್ಟಿಯನ್ನಂತೂ ಕಟ್ಟಲೇಬಾರದು, ಅದರಿಂದ ಕ್ರೋಮಿಯಮ್ಮಿನ ವಿಷ ನೀರಿಗಿಳಿಯುತ್ತದೆ. ಬ್ರೇಕಿನ ಡ್ರಮ್ಮು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದುವ ಅಭ್ಯಾಸವಿರುವವರು ಅದನ್ನೂ ಇಂದೇ ಬಿಡಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಒಂದು ತಿಂಗಳು ನಮ್ಮ ಮನೆಯ ಬಟ್ಟೆಗಳು ಸೋಡಾ ಕಾಣಲಿಲ್ಲ ಎಂಬ ದೂರು ಇನ್ನೂ ಇತ್ಯರ್ಥವಾಗಿಲ್ಲ.

ಈಗ ಆ ಮಹಾಶಯರಿಗೆ ಮೈಲಿಗೆಯಾಗಿ ಕಂಡ ಬದಲಾವಣೆಗಳ ವಿಚಾರ. 1966ರ ಕಾರಿನಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಸೇರಿ ಎಣ್ಣೆಯ ದಾರಿ ಒಂದೇ. ಎಲ್ಲೋ ಒಂದು ಕಡೆ ಹಳೆಯ ರಬ್ಬರು ಕೊಳವೆ ಒಡೆದರೆ ನಾಲ್ಕೂ ಬ್ರೇಕು ಒಟ್ಟಿಗೆ ಸತ್ತವು. ಅದು ತಯಾರಾದ ಕಾಲದಲ್ಲಿ ಅದಕ್ಕಿಂತ ಒಳ್ಳೆಯದು ಸಾಮಾನ್ಯರಿಗೆ ಸಿಗುತ್ತಿರಲಿಲ್ಲ, ಇಂದು ಸಿಗುತ್ತದೆ. ನಾನು ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಬೇರೆ ಬೇರೆ ದಾರಿಯಿರುವ ಮಾಸ್ಟರ್ ಸಿಲಿಂಡರು ಹಾಕಿಸಿದ್ದೇನೆ. ಡೈನಮೋ ಇದ್ದಾಗ ಸಿಗ್ನಲಿನಲ್ಲಿ ನಿಂತರೆ ದೀಪಗಳು ಎಣ್ಣೆ ತೀರಿದ ಹಣತೆಯಾಗುತ್ತಿದ್ದವು. ಹೊಸೂರು ರಸ್ತೆಯಲ್ಲಿ ರಾತ್ರಿ ಹಿಂದಿನಿಂದ ಬರುವ ಲಾರಿಯವನಿಗೆ ನನ್ನ ಕಾರು ಕಾಣಬೇಕಾದರೆ ಆಲ್ಟರ್ನೇಟರ್ ಬೇಕು. ಆ ಕಾಲದ ನಮ್ಮ ಕಾರುಗಳಲ್ಲಿ ಸೀಟುಬೆಲ್ಟು ಇರಲಿಲ್ಲವೆಂದು ಈಗ ನನ್ನ ಹೆಂಡತಿಯ ತಲೆ ಗಾಜಿಗೆ ಬಡಿಯಬೇಕೆ?

ಇನ್ನು ಪೆಟ್ರೋಲು. ಪಂಥದವರು ಯಾರೂ ಉತ್ತರ ಕೊಡದ ಪ್ರಶ್ನೆ ಇದು. ಕಾರು ಒರಿಜಿನಲ್ ಆಗಿರಬೇಕು, ಸರಿ. ಅದು ಕುಡಿಯುವ ಪೆಟ್ರೋಲು? ಹಳೆಯ ಎಂಜಿನುಗಳಲ್ಲಿ ವಾಲ್ವಿನ ಸೀಟು ಸವೆಯದಂತೆ ಕಾಯುತ್ತಿದ್ದ ಸೀಸವನ್ನು 2000ದ ಫೆಬ್ರವರಿಯಿಂದ ದೇಶಾದ್ಯಂತ ಪೆಟ್ರೋಲಿನಿಂದ ತೆಗೆದುಹಾಕಿದರು. ಮಕ್ಕಳ ಮಿದುಳನ್ನು ತಿನ್ನುತ್ತಿದ್ದ ಸೀಸ ಹೋದದ್ದು ಒಳ್ಳೆಯದೇ ಆಯಿತು. ಆಮೇಲೆ ಬಂದದ್ದು ಎಥನಾಲು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಸಮಾರಂಭದಲ್ಲಿ ಶೇಕಡ 20 ಎಥನಾಲು ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ರ ವೇಳೆಗೆ ಅದು ದೇಶವನ್ನೆಲ್ಲ ವ್ಯಾಪಿಸಿತು. ಎಥನಾಲು ಗಾಳಿಯ ನೀರನ್ನು ಹೀರುತ್ತದೆ, ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ, ಹಳೆಯ ಕಾಲದ ರಬ್ಬರನ್ನೂ ಕಾರ್ಕಿನ ಗ್ಯಾಸ್ಕೆಟ್ಟನ್ನೂ ಮೆತ್ತಗೆ ಮಾಡಿ ಬಿರಿಸುತ್ತದೆ. ಒರಿಜಿನಲ್ ಕೊಳವೆಯನ್ನು ಭಕ್ತಿಯಿಂದ ಉಳಿಸಿಕೊಂಡವನ ಕಾರಿನಲ್ಲಿ ಪೆಟ್ರೋಲು ತೊಟ್ಟಿಕ್ಕುವುದು ಬಿಸಿ ಎಂಜಿನಿನ ಮೇಲೆ. ನಾನು ಎಥನಾಲನ್ನು ತಡೆಯುವ ಕೊಳವೆಗಳನ್ನು ಹಾಕಿದ್ದೇನೆ. ಶುದ್ಧಪಾಠದ ಪಂಡಿತರು ತಮ್ಮ ಕಾರಿಗೆ 1966ರ ಪೆಟ್ರೋಲನ್ನು ಎಲ್ಲಿಂದ ತರುತ್ತಾರೋ ತಿಳಿಸಿದರೆ ನಾನೂ ಸಾಲಿನಲ್ಲಿ ನಿಲ್ಲುತ್ತೇನೆ.

ಹಾಗಾದರೆ ಯಾರು ಏನು ಬೇಕಾದರೂ ಬದಲಿಸಬಹುದೆ ಎಂದು ನೀವು ಕೇಳಬಹುದು. ಕೇಳಲೇಬೇಕು. ಏಕೆಂದರೆ ಇನ್ನೊಂದು ಪಂಥವೂ ಇದೆ, ಅದು ಮೊದಲನೆಯದಕ್ಕಿಂತ ಕೇಡಿನದು. ಆ ಪಂಥದ ತರುಣರು ಹಳೆಯ ಫಿಯಟ್ಟನ್ನು ಕೊಂಡು, ಅದರ ಎಂಜಿನನ್ನು ಗುಜರಿಗೆ ಹಾಕಿ, ಎರಡರಷ್ಟು ಬಲದ ಎಂಜಿನನ್ನು ತುರುಕಿ, ತಗಡನ್ನು ಕತ್ತರಿಸಿ ನೆಲಕ್ಕೆ ತಾಕುವಷ್ಟು ತಗ್ಗಿಸಿ, ಒಂದು ಮೈಲಿಗೆ ಕೇಳುವ ಸೈಲೆನ್ಸರು ಹಾಕಿ ಬೀದಿಗಿಳಿಯುತ್ತಾರೆ. ಸುಮಾರು ನಲವತ್ತು ಕುದುರೆಯ ಬಲಕ್ಕಾಗಿ ಮಾಡಿದ ಡ್ರಮ್ ಬ್ರೇಕು ಮಾತ್ರ ಹಾಗೆಯೇ ಇರುತ್ತದೆ! ಹೊಯ್ಸಳರ ಗುಡಿಗೆ ನುಣುಪು ಟೈಲು ಹಾಕಿಸಿ, ಕಂಬಗಳಿಗೆ ಎಣ್ಣೆಬಣ್ಣ ಬಳಿದು ಜೀರ್ಣೋದ್ಧಾರ ಎಂದು ಫಲಕ ನೆಡುವವರೂ ಇವರೂ ಒಂದೇ ಗುರುವಿನ ಶಿಷ್ಯರು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಈ ತರುಣರನ್ನು ನೆನೆದಾಗ ಆ ಕಲಮು ನನಗೆ ಸರಿಯೆಂದೇ ತೋರುತ್ತದೆ. ನನ್ನ ಆಲ್ಟರ್ನೇಟರಿಗೂ ಬೆಲ್ಟಿಗೂ ನೋಂದಣಿ ಪತ್ರದಲ್ಲಿ ಕಾಲಮ್ಮೇ ಇಲ್ಲ.

ನನ್ನ ಜಗಳ ಬೇರೊಂದು ನಿಯಮದೊಡನೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ಐವತ್ತು ವರ್ಷ ದಾಟಿರಬೇಕು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಮೂಲ ಸ್ವರೂಪದಲ್ಲಿರಬೇಕು, ಚಾಸಿ, ಮೈ, ಎಂಜಿನುಗಳಲ್ಲಿ ಬದಲಾವಣೆಯಾಗುವಂಥ ದೊಡ್ಡ ದುರಸ್ತಿ ಆಗಿರಕೂಡದು. ಇಷ್ಟೆಲ್ಲ ಆದ ಮೇಲೂ ಅದನ್ನು ದಿನಬಳಕೆಗೆ ಓಡಿಸಬಾರದು. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸುವುದಕ್ಕೆ, ರಿಪೇರಿಗೆ, ಇಂಥ ಕೆಲವಕ್ಕೆ ಮಾತ್ರ. ಈ ಪದಗಳನ್ನು ಕಟ್ಟುನಿಟ್ಟಾಗಿ ಓದಿ ನೋಡಿ. ತುಕ್ಕು ತಿಂದ ನೆಲವನ್ನು ಕತ್ತರಿಸಿ ಉಕ್ಕು ಬೆಸೆದರೆ ಅದು ದುರಸ್ತಿಯೋ, ಮೈಯ ಬದಲಾವಣೆಯೋ? ಎರಡು ಬಾರಿ ಕೊರೆಸಿದ ಎಂಜಿನು ಮೂಲವೋ, ಅಲ್ಲವೋ? ಈ ವ್ಯಾಖ್ಯೆಗೆ ನಿಶ್ಚಿಂತೆಯಿಂದ ಒಪ್ಪುವ ಕಾರುಗಳು ಎಲ್ಲಿವೆ ಬಲ್ಲಿರಾ? ಅರಮನೆಗಳ ಮೋಟಾರುಖಾನೆಯಲ್ಲಿ, ದೊಡ್ಡ ಸಿರಿವಂತರ ಸಂಗ್ರಹದಲ್ಲಿ. ಓಡದೆ, ನೆನೆಯದೆ, ಸವೆಯದೆ, ದೇವರ ಉತ್ಸವಮೂರ್ತಿಯ ಹಾಗೆ ಹೊದಿಕೆಯೊಳಗಿದ್ದ ಕಾರುಗಳು. ಗುಮಾಸ್ತನ ಸಂಸಾರವನ್ನು, ವೈದ್ಯರ ಔಷಧದ ಪೆಟ್ಟಿಗೆಯನ್ನು, ಮದುವೆಯ ದಿಬ್ಬಣವನ್ನು ಹೊತ್ತು ಸವೆದ ಕಾರು ಸವೆದ ಕಾರಣಕ್ಕೇ ಪರಂಪರೆಯ ಹೊರಗೆ ಉಳಿಯಿತು.

ಅದರ ಗತಿಯೇನು? ಐದೈದು ವರ್ಷಕ್ಕೊಮ್ಮೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸುತ್ತ ಹೋಗುವುದು. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹಾರಿತು, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಇನ್ನೂ ಏರಿತು. ಇಲ್ಲವೆ 2021ರಲ್ಲೇ ನಿಯಮ ಮಾಡಿ ಸ್ಥಾಪಿಸಲು ಹೊರಟ ವಾಹನ ನಾಶದ ಕೇಂದ್ರಕ್ಕೆ ಅದನ್ನು ಒಪ್ಪಿಸಿ, ಚೀಟಿ ಪಡೆದು, ಹೊಸ ಕಾರಿನ ಮೇಲೆ ರಿಯಾಯಿತಿ ಗಳಿಸುವುದು. ಪೂಜೆ ಅಥವಾ ಪುಡಿ, ಎರಡರಲ್ಲೊಂದು. ನಡುವೆ ಬಾಳುವುದಕ್ಕೆ ದುಬಾರಿ ಬಾಡಿಗೆ.

ಇಲ್ಲಿ ವಿದೇಶದ ಒಂದು ಸಂಗತಿ ಹೇಳಬೇಕು. ಚಾರಿತ್ರಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿಕೊಂಡಿರುವ ಸನ್ನದೊಂದಿದೆ. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ಆದ ವೆನಿಸ್ ಸನ್ನದಿನ ಜಾಡಿನಲ್ಲಿ ಬರೆದದ್ದು. ವಾಹನ ಬಳಕೆಯಲ್ಲಿದ್ದ ಕಾಲದಲ್ಲಿ ಆದ ಬದಲಾವಣೆಗಳೂ ಅದರ ಚರಿತ್ರೆಯೇ ಎಂದು ಆ ಸನ್ನದು ಒಪ್ಪುತ್ತದೆ. ಸುರಕ್ಷತೆಗಾಗಿ ಹೊಸದೇನಾದರೂ ಸೇರಿಸಬೇಕಾದರೆ ಆದಷ್ಟು ಕಡಮೆ ಸೇರಿಸಿ, ಬೇಕೆಂದಾಗ ಬಿಚ್ಚುವಂತೆ ಸೇರಿಸಿ, ಮಾಡಿದ್ದನ್ನು ದಾಖಲೆಯಲ್ಲಿಡಿ ಎನ್ನುತ್ತದೆ. ಗ್ರಂಥಸಂಪಾದನೆಯ ನ್ಯಾಯವೂ ಇದೇ ತಾನೆ? ಆ ಸನ್ನದಿನ ಹೆಸರು ಟ್ಯೂರಿನ್ ಸನ್ನದು. ಫಿಯಟ್ ಹುಟ್ಟಿದ್ದು ಟ್ಯೂರಿನ್ನಿನಲ್ಲಿ. ತವರುಮನೆಯವರೇ ಒಪ್ಪಿದ ಮಾತಿಗೆ ನಮ್ಮ ನೆಂಟರು ಮುಖ ತಿರುಗಿಸುತ್ತಿದ್ದಾರೆ.

ನನ್ನ ವಾದಕ್ಕೆ ಒಂದು ಆಕ್ಷೇಪಣೆ ಉಂಟು, ಅದನ್ನು ಮುಚ್ಚಿಡಲಾರೆ. ಹಳೆಯ ಕಾರ್ಬುರೇಟರಿನ ಎಂಜಿನು, ಹೊಗೆ ಶುದ್ಧಿಮಾಡುವ ಯಾವ ಸಾಧನವೂ ಇಲ್ಲದ್ದು, ಮೈಲಿಗೆ ಮೈಲಿ ಲೆಕ್ಕ ಹಾಕಿದರೆ ಇಂದಿನ ಕಾರಿಗಿಂತ ಬಹಳ ಹೆಚ್ಚು ಹೊಗೆ ಕಾರುತ್ತದೆ. ದಿಲ್ಲಿಯಂಥ ಊರಿನಲ್ಲಿ ಮಕ್ಕಳು ಉಸಿರಾಡಲು ಒದ್ದಾಡುವಾಗ ಹಳೆಯ ಕಾರಿನ ಹಕ್ಕಿನ ಮಾತಾಡಲು ನನಗೆ ನಾಲಗೆ ಏಳುವುದಿಲ್ಲ. ನನ್ನದು ವರ್ಷಕ್ಕೆ ಕೆಲವು ನೂರು ಮೈಲಿ ಓಡೀತು. ಅದನ್ನು ದಿನಾ ಕಚೇರಿಗೆ ಓಡಿಸುವ ಹಕ್ಕನ್ನು ನಾನು ಕೇಳುತ್ತಿಲ್ಲ. ಓಡಿಸುವ ದಿನಗಳಿಗೆ ಮಿತಿ ಹಾಕಲಿ, ಬ್ರೇಕನ್ನೂ ಹೊಗೆಯನ್ನೂ ನನ್ನ ಕಣ್ಣೆದುರೇ ಪರೀಕ್ಷೆ ಮಾಡಲಿ, ಬೆಸುಗೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಲಿ. ಏನೇನು ಬದಲಿಸಿದ್ದೀರಿ, ಬರೆದುಕೊಡಿ ಎನ್ನಲಿ. ಬರೆದುಕೊಡುತ್ತೇನೆ. ಏನನ್ನೂ ಬದಲಿಸಿಲ್ಲ ಎಂದು ಸುಳ್ಳು ಪ್ರಮಾಣ ಮಾಡು ಎಂದರೆ ಮಾತ್ರ ಆಗದು. ಅಂಥ ನಿಯಮದ ಕೆಳಗೆ ಲಾಭವಾಗುವುದು ಪುಟ್ಟಿಯ ಅಂಗಡಿಯವನಿಗೆ.

ನಮ್ಮ ಮೇಸ್ತ್ರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಗ ಕಂಪ್ಯೂಟರು ನೋಡಿ ಕಾರಿನ ರೋಗ ಹೇಳುವ ಕಂಪನಿಯ ಗ್ಯಾರೇಜಿನಲ್ಲಿದ್ದಾನೆ. ಅಲ್ಲಿ ಯಾವುದನ್ನೂ ರಿಪೇರಿ ಮಾಡುವುದಿಲ್ಲ, ಬದಲಿಸುತ್ತಾರೆ. ನನ್ನ ಕಾರ್ಬುರೇಟರನ್ನು ಮೇಸ್ತ್ರಿ ಕಿವಿಯಿಂದ ಸರಿಮಾಡುತ್ತಾರೆ. ಎಂಜಿನು ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಬ್ಲಾಕಿಗೆ ಒತ್ತಿ, ಇನ್ನೊಂದನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾರೆ. “ಮೂರನೇದು ಸ್ವಲ್ಪ ಮುನಿಸಿಕೊಂಡಿದೆ ಸಾರ್,” ಎನ್ನುತ್ತಾರೆ. ಬಿಚ್ಚಿದರೆ ಮೂರನೆಯದೇ ಆಗಿರುತ್ತದೆ. ನಾನು ಆ ಸ್ಕ್ರೂಡ್ರೈವರನ್ನು ನೂರು ಸಲ ಕಿವಿಗಿಟ್ಟಿದ್ದೇನೆ. ನನಗೆ ಕೇಳಿಸುವುದು ಗದ್ದಲವೊಂದೆ. ಅವರ ಕೈಕೆಳಗೆ ಕಲಿಯಲು ಯಾವ ಹುಡುಗನೂ ಈಗ ಬರುವುದಿಲ್ಲ. ಬಂದರೂ ಅವನು ಕಲಿಯಬೇಕಾದರೆ ರಿಪೇರಿಗೆ ಬರುವ ಹಳೆಯ ಕಾರು ಇರಬೇಕು. ಗಾಜಿನ ಹಿಂದೆ ನಿಂತ ಕಾರಿನಿಂದ ಈ ವಿದ್ಯೆ ಬರುವುದಿಲ್ಲ, ಹಿಂಡಿ ಚೌಕವಾಗಿಸಿದ ಕಬ್ಬಿಣದಿಂದಲೂ ಬರುವುದಿಲ್ಲ.

ಈ ವರ್ಷವೂ ಆ ಪ್ರದರ್ಶನ ನಡೆಯುತ್ತದಂತೆ. ನಾನು ಹೋಗುತ್ತೇನೆ, ಓಡಿಸಿಕೊಂಡೇ ಹೋಗುತ್ತೇನೆ. ಈ ಬಾರಿ ಮುಂದಿನ ಗಾಜಿನ ಒಳಗೆ ಒಂದು ರಟ್ಟನ್ನು ನಿಲ್ಲಿಸಬೇಕೆಂದು ಬರೆದಿಟ್ಟಿದ್ದೇನೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದೆ. ಡೈನಮೋ ಷೆಡ್ಡಿನ ಕಪಾಟಿನಲ್ಲಿ, ಕೆಲಸ ಮಾಡುವ ಸ್ಥಿತಿಯಲ್ಲಿದೆ. ಬ್ರೇಕಿನ ಮಾಸ್ಟರ್ ಸಿಲಿಂಡರು ಹೊಸದು. ಪೆಟ್ರೋಲಿನ ಕೊಳವೆಗಳು ಹೊಸವು. ಮುಂದಿನ ಎರಡು ಸೀಟಿಗೆ ಬೆಲ್ಟು. ಚಾಲಕನ ಕಡೆಯ ನೆಲ, ಎರಡೂ ರನ್ನಿಂಗ್ ಬೋರ್ಡು ಹೊಸ ಉಕ್ಕು. ಗೇರಿನ ನೈಲಾನ್ ಬುಷ್, ಎಡಬಾಗಿಲಿನ ಹಿಡಿ ಹಿಂದಿನ ಮೇಸ್ತ್ರಿಗಳವು, ಹಾಗೆಯೇ ಇವೆ. ಡಾಲ್ಡಾ ಡಬ್ಬಿಯ ತಗಡು ಭಾರ ತಡೆಯದು, ಆದ್ದರಿಂದ ತೆಗೆದೆ. ಷೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ, ನೋಡಬಯಸುವವರು ಭಾನುವಾರ ಬರಬಹುದು. ರಟ್ಟಿನ ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ. ಹಿಂದಿನ ಎಡಚಕ್ರದ ಕಮಾನಿನಲ್ಲಿ ಮೊನ್ನೆ ಅಯಸ್ಕಾಂತ ಮತ್ತೆ ಜಾರಿತು.